ಪದ್ಯ ಬಿಟ್ಟರೂ ಪ್ರಸಂಗ ಬಿಡಬಾರದು: ವೈಜ್ಞಾನಿಕ ಚಿತ್ರಗಳ ಅಭಿಮಾನಿ ಮರುಸಂಕಲನ

ಸಿನಿಮಾವೊಂದನ್ನು ಮನಸಾರೆ ಹಚ್ಚಿಕೊಂಡ ನೋಡುಗ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಕೂರುತ್ತಾನೆ. ಬೇಡವೆನಿಸಿದ ದೃಶ್ಯ ಕತ್ತರಿಸುತ್ತಾನೆ, ಹಿಂದಿನದನ್ನು ಮುಂದಿಡುತ್ತಾನೆ, ಎಲ್ಲೋ ಉಳಿದುಹೋದ ತುಣುಕನ್ನು ಹುಡುಕಿ ತಂದು ಸೇರಿಸುತ್ತಾನೆ. ಕೊನೆಗೆ ಅದೇ ಚಿತ್ರದ ಇನ್ನೊಂದು ರೂಪ ಸಿದ್ಧವಾಗುತ್ತದೆ. ಕಳೆದ ಕಾಲು ಶತಮಾನದಲ್ಲಿ ಬೆಳೆದ ಈ ಹವ್ಯಾಸದ ಕೈಗೆ ಪದೇ ಪದೇ ಸಿಕ್ಕಿರುವುದು ವೈಜ್ಞಾನಿಕ ಕಲ್ಪನೆಯ ಚಿತ್ರಗಳು. ಇಂಥ ಮರುಸಂಕಲನವನ್ನು ಹೇಗೆ ಅಳೆಯಬೇಕು? ಮೂಲಕ್ಕಿಂತ ಚುರುಕಾಗಿದೆ ಎಂದರೆ ಸಾಕೆ? ನಿರ್ದೇಶಕರ ಒಪ್ಪಿಗೆಯಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಕೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಈ ಪ್ರಶ್ನೆ ಹೊಸದಲ್ಲ. ಬಡಗುತಿಟ್ಟು ಯಕ್ಷಗಾನದ ಈ ಸೀಮೆಯಲ್ಲಿ ಬೆಳಗಿನ ತನಕ ನಡೆಯುವ ಆಟವನ್ನು ಮೂರು ಗಂಟೆಗೆ ಇಳಿಸುವ ಕೆಲಸವೂ, ಇಳಿಸಿದ್ದು ಸರಿಯೋ ತಪ್ಪೋ ಎಂಬ ವಾದವೂ ತಲೆಮಾರುಗಳಿಂದ ನಡೆದುಬಂದಿವೆ. ನನ್ನ ಮಾತು ಇಷ್ಟು: ಅಭಿಮಾನಿಯ ಮರುಸಂಕಲನ ಎಂಬುದು ಕತ್ತರಿ ಹಿಡಿದು ಬರೆದ ವಿಮರ್ಶೆ. ಅದಕ್ಕೆ ಬೇಕಾದ ಅಳತೆಗೋಲು ನಮ್ಮ ರಂಗಸ್ಥಳದಲ್ಲಿ ಆಗಲೇ ಸಿದ್ಧವಾಗಿದೆ.

ಭಾಗವತರ ಆಯ್ಕೆ

ಯಕ್ಷಗಾನ ಪ್ರಸಂಗವೆಂದರೆ ಪದ್ಯಗಳ ಸರಣಿ. ಪುಸ್ತಕದಲ್ಲಿರುವ ಎಲ್ಲ ಪದ್ಯವನ್ನೂ ಒಂದೇ ಆಟದಲ್ಲಿ ಹಾಡುವುದು ಅಪರೂಪ. ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವ ವೇಷಕ್ಕೆ ಎಷ್ಟು ಹೊತ್ತು ಕೊಡಬೇಕು ಎಂದು ತೀರ್ಮಾನಿಸುವವರು ಭಾಗವತರು. ಆಟದ ನಿರ್ದೇಶಕರೂ ಅವರೇ, ಸಂಕಲನಕಾರರೂ ಅವರೇ. ಎದುರು ಕೂತವರಲ್ಲಿ ಪ್ರಸಂಗ ಬಾಯಿಪಾಠವಿರುವವರು ಎಷ್ಟೋ ಮಂದಿ. ಬಿಟ್ಟ ಪದ್ಯ ಅವರಿಗೆ ಗೊತ್ತಾಗುತ್ತದೆ. ಯಾಕೆ ಬಿಟ್ಟರೆಂಬ ಚರ್ಚೆ ಮರುದಿನ ಚಾ ಅಂಗಡಿಯಲ್ಲಿ ನಡೆಯುತ್ತದೆ.

ಕಾಲಮಿತಿ ಬಂದ ಮೇಲೆ ಈ ಆಯ್ಕೆ ಇನ್ನಷ್ಟು ಕಠಿಣವಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು ಒಂದು ಕಡೆ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದ 2000ದ ಶಬ್ದಮಾಲಿನ್ಯ ನಿಯಮಗಳು ಇನ್ನೊಂದು ಕಡೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ ಮೊದಲು ಕರಗಿತು. ಒಡ್ಡೋಲಗಗಳು ಕಿರಿದಾದವು. ಆಮೇಲೆ ಕತ್ತರಿ ಪ್ರಸಂಗದ ಒಳಕ್ಕೇ ಇಳಿಯಿತು.

‘ಅಭಿಮನ್ಯು ಕಾಳಗ’ವನ್ನೇ ನೋಡೋಣ. ಪದ್ಮವ್ಯೂಹಕ್ಕೆ ಹೊರಟ ಹುಡುಗ ತಾಯಿ ಸುಭದ್ರೆಯ ಅಪ್ಪಣೆ ಕೇಳಲು ಬರುತ್ತಾನೆ. ತಾಯಿ ತಡೆಯುತ್ತಾಳೆ, ಮಗ ಒಪ್ಪಿಸುತ್ತಾನೆ. ಸಮಯವಿಲ್ಲವೆಂದು ಈ ಭಾಗವನ್ನು ಹಾರಿಸಿದರೆ ಕಥೆಗೇನೂ ತೊಡಕಾಗದು. ಧರ್ಮರಾಯ ಕಳಿಸಿದ, ಹುಡುಗ ಹೋದ, ಯುದ್ಧವಾಯಿತು. ಆದರೆ ಸೈಂಧವ ಪಾಂಡವರನ್ನು ತಡೆದು ನಿಲ್ಲಿಸಿ, ಮಹಾರಥರೆಲ್ಲ ಒಬ್ಬ ಬಾಲಕನ ಮೇಲೆ ಮುಗಿಬಿದ್ದಾಗ ನೋಡುಗನ ಎದೆಯಲ್ಲಿ ಏಳಬೇಕಾದ ಸಂಕಟಕ್ಕೆ ಬೀಜ ಬಿದ್ದಿದ್ದು ಆ ತಾಯಿಯ ಮುಂದೆ. ಅದನ್ನು ತೆಗೆದರೆ ಉಳಿಯುವುದು ಬರೀ ಕುಣಿತ. ಅದೇ ಯುದ್ಧದಲ್ಲಿ ಮತ್ತೆ ಮತ್ತೆ ಬರುವ ದಿಗಿಣಗಳನ್ನು ಅರ್ಧಕ್ಕಿಳಿಸಿ ನೋಡಿ, ಪ್ರಸಂಗಕ್ಕೆ ಏನೂ ಆಗುವುದಿಲ್ಲ. ಹತ್ತು ನಿಮಿಷ ಎಲ್ಲಿಯದು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಪ್ರಯೋಗವನ್ನು ಎಲ್ಲರಿಗಿಂತ ದೂರ ಒಯ್ದವರು. ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು, ಮುಂದೆ ಅರ್ಥಗಾರಿಕೆಯನ್ನು ತೀರ ಕಡಿಮೆ ಮಾಡಿ, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ, ಎರಡು ಮೂರು ಗಂಟೆಯ ನೃತ್ಯರೂಪಕಗಳನ್ನು ಕಟ್ಟಿದರು. ಮಾತು ತೆಗೆದ ಮೇಲೆ ಇದು ಯಕ್ಷಗಾನವೇ ಎಂದು ಹಲವರು ಕೇಳಿದರು. ಭಾಷೆ ಬಾರದ ನಾಡಿಗೂ ಈ ಕಲೆಯನ್ನು ಮುಟ್ಟಿಸಿದರು ಎಂದು ಇನ್ನು ಹಲವರು ಮೆಚ್ಚಿದರು. ಎರಡು ಮಾತೂ ನಿಜ. ಕಾರಂತರಿಗೆ ಸಿನಿಮಾದ ಕತ್ತರಿಯೂ ಹೊಸತಲ್ಲ. 1930ರಲ್ಲಿ ‘ಡೊಮಿಂಗೊ’, 1931ರಲ್ಲಿ ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ಮಾಡಿದ್ದರು. ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಕಾರಂತರು ಏನು ಮಾಡಿದರೂ ಮಂದಾರ್ತಿ, ಮಾರಣಕಟ್ಟೆಯಂಥ ಮೇಳಗಳ ಆಟ ತನ್ನ ಪಾಡಿಗೆ ನಡೆದೇ ಇತ್ತು. ಹೊಸ ರೂಪ ಹಳೆಯ ರೂಪವನ್ನು ಅಳಿಸಲಿಲ್ಲ.

ಈ ಅನುಭವದಿಂದ ನಾಲ್ಕು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಯಾವ ಕೊರತೆ ನೀಗಿಸಲು ಕತ್ತರಿ ಹಿಡಿದರು? ಕತ್ತರಿಸಿದ ಮೇಲೆ ಕಾರ್ಯಕಾರಣದ ಕೊಂಡಿ ಉಳಿಯಿತೇ? ಧ್ವನಿಯ ಬೆಸುಗೆ ಗಟ್ಟಿಯಾಗಿದೆಯೇ? ಮೂಲವನ್ನು ಬೇಕಾದವರು ನೋಡುವ ಹಾಗೆ ಉಳಿಸಿ, ತಾವು ಮಾಡಿದ ಬದಲಾವಣೆಯನ್ನು ಹೇಳಿಕೊಂಡರೇ?

ವೈಜ್ಞಾನಿಕ ಚಿತ್ರಗಳೇ ಏಕೆ?

ವೈಜ್ಞಾನಿಕ ಚಿತ್ರ ಮೊದಲು ಒಂದು ಲೋಕವನ್ನು ಕಟ್ಟಬೇಕು, ಆ ಲೋಕದ ನಿಯಮಗಳನ್ನು ತಿಳಿಸಬೇಕು, ಆಮೇಲೆ ಕಥೆ ಹೇಳಬೇಕು. ನೋಡುಗನಿಗೆ ಅರ್ಥವಾಗದೆಂಬ ಭಯದಿಂದ ನಿರ್ಮಾಪಕರು ವಿವರಣೆ ತುರುಕುತ್ತಾರೆ. ಉದ್ದವಾಯಿತೆಂಬ ಭಯದಿಂದ ಬೇಕಾದ ವಿವರಣೆಯನ್ನೂ ಕತ್ತರಿಸುತ್ತಾರೆ. ಎರಡೂ ತಪ್ಪು ಒಂದೇ ಚಿತ್ರದಲ್ಲಿ ಆಗಿರುವುದುಂಟು. ಇಂಥ ಚಿತ್ರದ ಅಭಿಮಾನಿ ನಿಯಮಗಳನ್ನು ಕರಾರುವಾಕ್ಕಾಗಿ ಬಲ್ಲವನು. ಹತ್ತು ಸಲ ನೋಡಿರುತ್ತಾನೆ, ಮೂಲ ಕಾದಂಬರಿ ಓದಿರುತ್ತಾನೆ, ಎಲ್ಲಿ ಹದ ತಪ್ಪಿತೆಂದು ಬೆರಳಿಟ್ಟು ತೋರಿಸುತ್ತಾನೆ.

ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ ಇದಕ್ಕೆ ಪಾಠದಂತಿದೆ. 1982ರಲ್ಲಿ ತೆರೆಗೆ ಬಂದಾಗ ನಾಯಕನ ಹಿನ್ನೆಲೆ ನಿರೂಪಣೆ ಇತ್ತು, ಕೊನೆಗೆ ಸುಖಾಂತ್ಯವೂ ಇತ್ತು. 1992ರ ಆವೃತ್ತಿಯಲ್ಲಿ ನಿರೂಪಣೆ ಹೋಯಿತು, ಸುಖಾಂತ್ಯ ಹೋಯಿತು, ಒಂಟಿಕೊಂಬಿನ ಕುದುರೆಯ ಕನಸೊಂದು ಬಂತು. 2007ರಲ್ಲಿ ಸ್ಕಾಟ್ ಅಂತಿಮ ರೂಪ ಕೊಟ್ಟರು. ಕೆಲವೇ ಸೆಕೆಂಡುಗಳ ಆ ಕನಸು ಸೇರಿದ ಮೇಲೆ, ಮನುಷ್ಯರೂಪದ ಯಂತ್ರಗಳನ್ನು ಬೇಟೆಯಾಡುವ ನಾಯಕ ತಾನೇ ಯಂತ್ರವೋ ಏನೋ ಎಂಬ ಶಂಕೆ ಚಿತ್ರದ ತುಂಬ ಹರಡಿಕೊಂಡಿತು. ಸಂಕಲನ ಅರ್ಥವನ್ನೇ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕತ್ತರಿಸಿದವರು

ಅಭಿಮಾನಿ ಮರುಸಂಕಲನಕ್ಕೆ ಹೆಸರು ತಂದದ್ದು ‘ದಿ ಫ್ಯಾಂಟಮ್ ಎಡಿಟ್’. ಜಾರ್ಜ್ ಲೂಕಸ್ ಅವರ ‘ಸ್ಟಾರ್ ವಾರ್ಸ್’ ಸರಣಿಯ 1999ರ ‘ದಿ ಫ್ಯಾಂಟಮ್ ಮೆನೇಸ್’ ನೋಡಿ ನಿರಾಶರಾದ ಮೈಕ್ ಜೆ. ನಿಕೋಲ್ಸ್ ಎಂಬ ಸಂಕಲನಕಾರ ಅದರಿಂದ ಸುಮಾರು 18 ನಿಮಿಷ ತೆಗೆದರು. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಕೈಯಿಂದ ಕೈಗೆ ಹೋದ ಈ ಆವೃತ್ತಿ 2001ರ ಹೊತ್ತಿಗೆ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಜಾರ್ ಜಾರ್ ಬಿಂಕ್ಸ್ ಎಂಬ ಪಾತ್ರದ ಕೋಡಂಗಿ ಚೇಷ್ಟೆ ಕಡಿಮೆಯಾಯಿತು ಎಂಬುದೇ ದೊಡ್ಡ ಸುದ್ದಿ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ. ಬಾಲಕ ಅನಾಕಿನ್‌ನ ಬಾಲಿಶ ಉದ್ಗಾರಗಳನ್ನು ಅವರು ಕತ್ತರಿಸಿದರು. ಮೂಲದಲ್ಲಿ ಆ ಹುಡುಗ ಬಾಹ್ಯಾಕಾಶ ಯುದ್ಧವನ್ನು ಹೆಚ್ಚುಕಡಿಮೆ ಆಕಸ್ಮಿಕವಾಗಿ ಗೆಲ್ಲುತ್ತಾನೆ. ಉದ್ಗಾರ ಹೋದ ಮೇಲೆ ಅವನ ಕೈಚಳಕ ಬೇಕೆಂದೇ ಮಾಡಿದ್ದಾಗಿ ಕಾಣುತ್ತದೆ, ಮುಂದೆ ದೊಡ್ಡ ಯೋಧನಾಗುವವನ ಲಕ್ಷಣ ಅಲ್ಲೇ ಮೂಡುತ್ತದೆ. ಹೊಸದಾಗಿ ಒಂದು ಶಾಟ್ ಇಲ್ಲದೆ ಪಾತ್ರವೇ ಬದಲಾಯಿತು. ಆರಂಭದ ಬರಹದಲ್ಲೇ ತಾನು ಬದಲಾವಣೆ ಮಾಡಿದ್ದೇಕೆಂದು ನಿಕೋಲ್ಸ್ ತಿಳಿಸಿದ್ದರು. ನಮ್ಮ ಮೊದಲ ಪ್ರಶ್ನೆಗೂ ಕೊನೆಯ ಪ್ರಶ್ನೆಗೂ ಅವರ ಬಳಿ ಉತ್ತರವಿತ್ತು.

ಸ್ಟೀವನ್ ಸೋಡರ್‌ಬರ್ಗ್ ಹೆಸರಾಂತ ನಿರ್ದೇಶಕರು. ಅವರು 2015ರ ಜನವರಿಯಲ್ಲಿ, ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು 110 ನಿಮಿಷಕ್ಕೆ ಇಳಿಸಿ ಜನರ ಮುಂದಿಟ್ಟರು. ಹಕ್ಕುದಾರರು ಕೇಳಿಕೊಂಡ ಮೇಲೆ ಹಿಂತೆಗೆದುಕೊಂಡರು. ಕೆಲಸ ಅಚ್ಚುಕಟ್ಟು, ಕೈ ಪಳಗಿದ್ದು. ಆದರೂ ನನಗೆ ಇದು ಎರಡನೆಯ ಪ್ರಶ್ನೆಯಲ್ಲಿ ಸೋಲುವ ಪ್ರಯೋಗ. 1968ರ ಆ ಚಿತ್ರದಲ್ಲಿ ನಿಧಾನವೇ ವಿಷಯ. ಬಾಹ್ಯಾಕಾಶದ ಅಗಾಧ ಖಾಲಿತನವನ್ನು ನೋಡುಗ ಕೂತಲ್ಲೇ ಅನುಭವಿಸಲೆಂದು ಆ ಹೊತ್ತನ್ನು ಕೊಟ್ಟಿದ್ದಾರೆ. ಮೊದಲ ಪ್ರದರ್ಶನದ ಬೆನ್ನಿಗೇ ಕುಬ್ರಿಕ್ ತಾವಾಗಿ ಸುಮಾರು 19 ನಿಮಿಷ ತೆಗೆದಿದ್ದರು, ಅಂದರೆ ಉಳಿದದ್ದು ಅಳೆದು ತೂಗಿ ಉಳಿಸಿದ್ದು. ಸುಭದ್ರೆಯ ಸನ್ನಿವೇಶ ಹಾರಿಸಿದ ಹಾಗೆಯೇ ಇಲ್ಲೂ ಕಥೆ ಉಳಿಯಿತು, ಅದರ ಭಾರ ಇಳಿದುಹೋಯಿತು.

ಸೇರಿಸಿದವರು, ಮರಳಿಸಿದವರು

ಎರಡನೆಯ ಬಗೆಯವರು ಹಿಗ್ಗಿಸುವವರು. ಡೇವಿಡ್ ಲಿಂಚ್ ಅವರ 1984ರ ‘ಡ್ಯೂನ್’ 137 ನಿಮಿಷದ್ದು. ದಪ್ಪ ಕಾದಂಬರಿಯನ್ನು ಅಷ್ಟರಲ್ಲಿ ತುಂಬಿದ್ದರಿಂದ ಕಥೆ ಉಸಿರುಗಟ್ಟಿತ್ತು. 1988ರಲ್ಲಿ ಟಿವಿಗಾಗಿ ಸ್ಟುಡಿಯೊ ತಾನೇ ಮೂರು ಗಂಟೆಯ ಹತ್ತಿರದ ಆವೃತ್ತಿ ಮಾಡಿತು. ಲಿಂಚ್ ಅದರಿಂದ ತಮ್ಮ ಹೆಸರನ್ನೇ ತೆಗೆಸಿದರು. ಒಂದೇ ಶಾಟ್ ಮತ್ತೆ ಮತ್ತೆ ಬರುತ್ತಿತ್ತು. ಮರುಭೂಮಿಯ ಫ್ರೆಮೆನ್ ಜನರ ಕಣ್ಣು ಪೂರ್ತಿ ನೀಲಿ ಎಂಬುದು ಆ ಲೋಕದ ನಿಯಮ, ಆದರೆ ಅರ್ಧಕ್ಕೆ ನಿಂತ ಶಾಟುಗಳನ್ನು ಹಾಗೆಯೇ ಸೇರಿಸಿದ್ದರಿಂದ ಕೆಲವರ ಕಣ್ಣು ಸಾಮಾನ್ಯವಾಗಿಯೇ ಉಳಿಯಿತು. ಆಮೇಲೆ ಸ್ಪೈಸ್‌ಡೈವರ್ ಎಂಬ ಹೆಸರಿನ ಅಭಿಮಾನಿ ಎರಡೂ ಆವೃತ್ತಿ ಮತ್ತು ಕೈಬಿಟ್ಟ ದೃಶ್ಯಗಳನ್ನು ಕೂಡಿಸಿ, ಸುಮಾರು ಮೂರು ಗಂಟೆಯ ರೂಪ ಕಟ್ಟಿದರು. ಸಾಮಗ್ರಿ ಬಹುಮಟ್ಟಿಗೆ ಒಂದೇ, ಅವಧಿಯೂ ಹತ್ತಿರಹತ್ತಿರ. ಸ್ಟುಡಿಯೊ ಉದ್ದ ಮಾಡಲೆಂದು ಸೇರಿಸಿತು, ಅಭಿಮಾನಿ ಕೊಂಡಿ ಕೂಡಿಸಲೆಂದು ಸೇರಿಸಿದರು.

ಮೂರನೆಯ ಬಗೆಯವರು ಮೂಲಕ್ಕೆ ಮರಳಿಸುವವರು. ಲೂಕಸ್ 1997ರಲ್ಲಿ ತಮ್ಮ ಹಳೆಯ ‘ಸ್ಟಾರ್ ವಾರ್ಸ್’ ಚಿತ್ರಗಳಿಗೆ ಹೊಸ ಗ್ರಾಫಿಕ್ಸ್ ಸೇರಿಸಿದರು. 1977ರ ಚಿತ್ರದಲ್ಲಿ ಹ್ಯಾನ್ ಸೋಲೊ ಮದ್ಯದಂಗಡಿಯಲ್ಲಿ ಎದುರಾಳಿ ಗ್ರೀಡೊನನ್ನು ತಾನೇ ಗುಂಡಿಟ್ಟು ಕೊಲ್ಲುತ್ತಾನೆ. ಹೊಸ ರೂಪದಲ್ಲಿ ಗ್ರೀಡೊ ಮೊದಲು ಗುಂಡು ಹಾರಿಸುತ್ತಾನೆ. ಸ್ವಾರ್ಥಿ ಕಳ್ಳಸಾಗಣೆಗಾರ ಕೊನೆಗೆ ಗೆಳೆಯರಿಗಾಗಿ ತಿರುಗಿ ಬರುವುದೇ ಸೋಲೊನ ಕಥೆ. ಮೊದಲೇ ಸಜ್ಜನನಾದರೆ ಅವನು ಬದಲಾಗುವುದಕ್ಕೆ ಏನು ಉಳಿಯಿತು? ಲೂಕಸ್ ಹಳೆಯ ರೂಪವನ್ನು ಹಿಂದೆ ಸರಿಸಿ, ಬದಲಾದದ್ದನ್ನೇ ಮುಂದಿಟ್ಟರು. ಆಗ ಝೆಕ್ ದೇಶದ ಪೆಟ್ರ್ ಹರ್ಮಾಚೆಕ್ ಎಂಬ ಅಭಿಮಾನಿ ಬೇರೆ ಬೇರೆ ಪ್ರತಿಗಳಿಂದ ತುಣುಕು ಹೆಕ್ಕಿ, ಜನ ಮೊದಲು ಕಂಡ ಚಿತ್ರವನ್ನು ಒಳ್ಳೆಯ ಗುಣಮಟ್ಟದಲ್ಲಿ ಮತ್ತೆ ಜೋಡಿಸಿದರು. ಇಲ್ಲಿ ಮೂಲವನ್ನು ಕಾಪಾಡಿದವನು ಅಭಿಮಾನಿ.

ಈ ಕೆಲಸ ಸಂಸ್ಥೆಗಳಿಗೂ ಸೇರಿದ್ದು. ಫ್ರಿಟ್ಜ್ ಲಾಂಗ್ ಅವರ 1927ರ ‘ಮೆಟ್ರೊಪೊಲಿಸ್’ ಅನ್ನು ವಿತರಕರು ಮನಬಂದಂತೆ ಕತ್ತರಿಸಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕ ಹಳೆಯ ಪ್ರತಿಯ ನೆರವಿನಿಂದ 2010ರಲ್ಲಿ ಚಿತ್ರ ಬಹುಪಾಲು ಪೂರ್ಣವಾಯಿತು. ಎಂಬತ್ತು ವರ್ಷ ಜಗತ್ತು ನೋಡಿದ್ದು ಇನ್ನೊಬ್ಬರ ಕತ್ತರಿಗೆ ಸಿಕ್ಕ ಚಿತ್ರ. ಒಂದು ಪ್ರತಿ ಉಳಿದದ್ದರಿಂದ ಮೂಲ ಮರಳಿತು.

ಧ್ವನಿಯ ಬೆಸುಗೆ

ಮರುಸಂಕಲನ ಹೆಚ್ಚಾಗಿ ಸಿಕ್ಕಿಬೀಳುವುದು ಕಿವಿಗೆ. ಚಿತ್ರದ ಶಾಟ್ ಕತ್ತರಿಸುವುದು ಸುಲಭ, ಅದರಡಿ ಹರಿಯುವ ಸಂಗೀತವನ್ನು ಕತ್ತರಿಸುವುದು ಕಷ್ಟ. ಮಾತು, ಸದ್ದು, ಸಂಗೀತ ಬೇರೆ ಬೇರೆಯಾಗಿ ಅಭಿಮಾನಿಗೆ ಸಿಗುವುದಿಲ್ಲ, ಬೆರೆತೇ ಬಂದಿರುತ್ತವೆ. ಭಾಗವತರು ನಾಲ್ಕು ಪದ್ಯ ಬಿಟ್ಟು ಏಕಾಏಕಿ ಏರುಪದ್ಯಕ್ಕೆ ಹಾರಿದರೆ ಮದ್ದಳೆ ಚೆಂಡೆಗಳಿಗೆ ಅಣಿಯಾಗಲು ಹೊತ್ತು ಸಿಗದು, ಪ್ರೇಕ್ಷಕನಿಗೆ ಆವೇಶ ಏರದು. ಸಿನಿಮಾದಲ್ಲೂ ಅಷ್ಟೆ. ತಂತಿವಾದ್ಯದ ಸ್ವರ ನಡುವೆ ಕಡಿದುಹೋದರೆ, ಏನು ತೆಗೆದರೆಂದು ತಿಳಿಯದ ನೋಡುಗನಿಗೂ ಏನೋ ತಪ್ಪಿದೆ ಎನಿಸುತ್ತದೆ.

ಈ ಸೀಮೆಯವರೇ ಇದನ್ನು ಹತ್ತಿರದಿಂದ ಕಂಡಿದ್ದಾರೆ. ಕುಂದಾಪುರ ತಾಲ್ಲೂಕಿನ ಕೆರಾಡಿಯ ರಿಷಬ್ ಶೆಟ್ಟಿ ಅವರ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ‘ವರಾಹ ರೂಪಂ’ ಹಾಡಿನ ಮೇಲೆ ವ್ಯಾಜ್ಯ ನಡೆದಿದ್ದಾಗ, ಅದೇ ವರ್ಷದ ನವೆಂಬರ್ 24ರಂದು ಒಟಿಟಿಗೆ ಬಂದ ಚಿತ್ರದಲ್ಲಿ ಹಾಡಿನ ಸಂಗೀತ ಬದಲಾಗಿತ್ತು. ವ್ಯಾಜ್ಯದ ಸರಿತಪ್ಪು ಇಲ್ಲಿಯ ವಿಷಯವಲ್ಲ. ಚಿತ್ರಮಂದಿರದಲ್ಲಿ ಮೈಮರೆತು ಕೂತಿದ್ದವರು, ದೃಶ್ಯವೆಲ್ಲ ಅದೇ ಇದ್ದರೂ ಆ ಅನುಭವ ಬರಲಿಲ್ಲ ಎಂದು ಬೇಸರಪಟ್ಟರು. ಮುಂದೆ ಮೊದಲಿನ ಸಂಗೀತ ಮರಳಿತು.

ಕನ್ನಡದ ಮುಂದಿರುವ ಸಾಮಗ್ರಿ

ಕನ್ನಡದಲ್ಲಿ ವೈಜ್ಞಾನಿಕ ಚಿತ್ರಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮುಖ್ಯವಾದ ಕೆಲವು ಕುಂದಾಪುರ ಸೀಮೆಯ ಮೂಲದ ಉಪೇಂದ್ರ ಅವರವು. 2002ರ ‘ಹಾಲಿವುಡ್’ನಲ್ಲಿ ವಿಜ್ಞಾನಿ ತನ್ನದೇ ರೂಪದ ರೋಬೊ ತಯಾರಿಸುತ್ತಾನೆ, ರೋಬೊ ಪ್ರೀತಿಗೆ ಬೀಳುತ್ತದೆ. ತಮಿಳಿನ ‘ಎಂದಿರನ್’ ಬಂದದ್ದು ಅದಾಗಿ ಎಂಟು ವರ್ಷಕ್ಕೆ. 2010ರ ‘ಸೂಪರ್’ 2030ರ ಬೆಂಗಳೂರನ್ನು ತೋರಿಸಿತು. 2024ರ ಡಿಸೆಂಬರ್ 20ರಂದು ಬಂದ ‘ಯುಐ’ನ ಒಳಗೇ ‘ಯುಐ’ ಎಂಬ ಚಿತ್ರ ತೆರೆಕಾಣುತ್ತದೆ, ಅದನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥಮಾಡಿಕೊಳ್ಳುತ್ತಾರೆ. ನೋಡುಗ ತನ್ನ ಚಿತ್ರವನ್ನು ತಾನೇ ತಲೆಯಲ್ಲಿ ಜೋಡಿಸಿಕೊಳ್ಳುತ್ತಾನೆ ಎಂಬ ಮಾತನ್ನು ಕಥೆಯನ್ನಾಗಿಯೇ ಮಾಡಿದ ಈ ಚಿತ್ರ ಮರುಸಂಕಲನಕಾರನಿಗೆ ನೇರ ಸವಾಲು.

ಎಲ್ಲ ಚಿತ್ರವೂ ಕತ್ತರಿಗೆ ಒಗ್ಗುವುದಿಲ್ಲ. ಪವನ್ ಕುಮಾರ್ ಅವರ 2013ರ ‘ಲೂಸಿಯಾ’ದಲ್ಲಿ ಬಣ್ಣದ ಲೋಕವೊಂದು, ಕಪ್ಪು-ಬಿಳುಪಿನ ಲೋಕವೊಂದು. ಎರಡನ್ನೂ ಬಿಡಿಸಿ ಎರಡು ಪ್ರತ್ಯೇಕ ಚಿತ್ರ ಮಾಡುವ ಆಸೆ ಯಾರಿಗಾದರೂ ಬರಬಹುದು. ಹಾಗೆ ಮಾಡಿದರೆ ಯಾವುದು ಕನಸು, ಯಾವುದು ಬದುಕು ಎಂಬ ಅನುಮಾನ ಸತ್ತುಹೋಗುತ್ತದೆ, ಅದರ ಜೊತೆಗೆ ಚಿತ್ರವೂ. ಶ್ರೀನಿಧಿ ಬೆಂಗಳೂರು ಅವರ 2024ರ ‘ಬ್ಲಿಂಕ್’ನಲ್ಲಿ ಕಾಲಯಾನಕ್ಕೂ ಕಣ್ಣು ಮಿಟುಕಿಸುವುದಕ್ಕೂ ನಂಟಿದೆ. ಆ ನಿಯಮ ಹೇಳುವ ಚಿಕ್ಕ ಮಾತನ್ನು ಬೇಸರವೆಂದು ತೆಗೆದುಬಿಟ್ಟರೆ ಮುಂದಿನ ಗಂಟುಗಳೆಲ್ಲ ಬಿಡಿಸಲಾಗದ ಸಿಕ್ಕಾಗುತ್ತವೆ.

ಈ ಹವ್ಯಾಸ ವೃತ್ತಿಗೆ ಬಾಗಿಲು ತೆರೆದ ನಿದರ್ಶನವೂ ಕನ್ನಡದಲ್ಲಿದೆ. ಅಭಿಮಾನಿ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದ ಉಜ್ವಲ್ ಕುಲಕರ್ಣಿ ಹದಿಹರೆಯದಲ್ಲೇ ನಿರ್ದೇಶಕ ಪ್ರಶಾಂತ್ ನೀಲ್ ಅವರ ಕಣ್ಣಿಗೆ ಬಿದ್ದು, 2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್: ಚಾಪ್ಟರ್ 2’ರ ಸಂಕಲನಕಾರರಾದರು. ಆ ಚಿತ್ರದ ಸಂಗೀತ ಕುಂದಾಪುರದ ಪಕ್ಕದ ಬಸ್ರೂರಿನ ರವಿ ಬಸ್ರೂರು ಅವರದು. ಅಭಿಮಾನಿಯ ಕತ್ತರಿಗೂ ವೃತ್ತಿಯ ಕತ್ತರಿಗೂ ನಡುವೆ ಗೋಡೆಯಿಲ್ಲ ಎಂಬುದಕ್ಕೆ ಈ ಒಂದು ಚಿತ್ರ ಸಾಕು.

ಹಕ್ಕು ಯಾರದು?

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ ಬಳಕೆಗೆ, ವಿಮರ್ಶೆಗೆ ನ್ಯಾಯವಾದ ಮಟ್ಟಿಗೆ ಅವಕಾಶ ಕೊಡುತ್ತದೆ. 57ನೇ ಕಲಮು ಕರ್ತೃವಿನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು ಕೊಡುತ್ತದೆ. ಇಡೀ ಚಿತ್ರವನ್ನು ಮರುಸಂಕಲಿಸಿ ಎಲ್ಲರಿಗೂ ಹಂಚುವುದು, ಅದರಿಂದ ಹಣ ಮಾಡುವುದು ಈ ಅವಕಾಶದ ನೆರಳಿಗೆ ಬರುವುದಿಲ್ಲ. ಅಭಿಮಾನಿ ಇದನ್ನು ತಿಳಿದೇ ಕೂರಬೇಕು.

ಆದರೆ ಹಕ್ಕುದಾರನೇ ಕೃತಿಗೆ ಅಪಚಾರ ಮಾಡಿದರೆ? ಆನಂದ್ ಎಲ್. ರೈ ಅವರ 2013ರ ಹಿಂದಿ ಚಿತ್ರ ‘ರಾಂಝಣಾ’ದ ತಮಿಳು ರೂಪವನ್ನು 2025ರ ಆಗಸ್ಟ್‌ನಲ್ಲಿ, ಕೃತಕ ಬುದ್ಧಿಮತ್ತೆಯಿಂದ ಅಂತ್ಯ ಬದಲಿಸಿ ಮತ್ತೆ ತೆರೆಗೆ ತಂದರು. ಸಾಯುವ ನಾಯಕ ಬದುಕಿ ಎದ್ದ. ನಿರ್ದೇಶಕರೂ ನಾಯಕ ನಟ ಧನುಷ್ ಅವರೂ ಬಹಿರಂಗವಾಗಿ ವಿರೋಧಿಸಿದರು. ಹಕ್ಕಿನ ಬಲದಿಂದ ಮಾಡಿದ ಈ ಬದಲಾವಣೆಗಿಂತ, ಹಕ್ಕಿಲ್ಲದೆ ಮೂಲವನ್ನು ಜೋಡಿಸಿದ ಹರ್ಮಾಚೆಕ್ ಕೆಲಸದಲ್ಲಿ ಕೃತಿಯ ಮೇಲಿನ ಗೌರವ ಎಷ್ಟೋ ಹೆಚ್ಚು. ಇಲ್ಲದ ಮುಖಭಾವವನ್ನು, ಆಡದ ಮಾತನ್ನು ಯಂತ್ರ ಹುಟ್ಟಿಸಿಕೊಡುವ ಈ ಕಾಲದಲ್ಲಿ ನಾನು ಒಂದು ಗೆರೆ ಎಳೆಯುತ್ತೇನೆ: ಕಲಾವಿದರು ನಿಜವಾಗಿ ಅಭಿನಯಿಸಿದ್ದನ್ನು ಮರುಜೋಡಿಸುವುದು ಸಂಕಲನ, ಅಭಿನಯಿಸದೇ ಇದ್ದುದನ್ನು ಅವರ ಮುಖಕ್ಕೆ ಅಂಟಿಸುವುದು ಸುಳ್ಳು.

ಮಾಡಬೇಕಾದ್ದು

ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಂಥ, ಬ್ರಹ್ಮಾವರದ ಎಸ್‌ಎಂಎಸ್ ಕಾಲೇಜಿನಂಥ ಸಂಸ್ಥೆಗಳು ಈ ಕೆಲಸವನ್ನು ತರಗತಿಗೆ ತರಬೇಕು ಎಂಬುದು ನನ್ನ ಬಲವಾದ ಆಸೆ. ಕನ್ನಡ ನಿರ್ದೇಶಕರೊಬ್ಬರ ಒಪ್ಪಿಗೆ ಪಡೆದು, ಒಂದೇ ಚಿತ್ರವನ್ನು ನಾಲ್ಕು ತಂಡಗಳು ಮರುಸಂಕಲಿಸಲಿ. ಮೂಲದೊಡನೆ ಇಟ್ಟು ನೋಡಲಿ. ಪ್ರತಿ ಕತ್ತರಿಗೂ ಕಾರಣ ಬರೆಯಲಿ. ಜೊತೆಗೆ ಕಾಲಮಿತಿ ಪ್ರಸಂಗ ಕಟ್ಟಿದ ಭಾಗವತರೊಬ್ಬರನ್ನು ಕರೆಸಿ, ಯಾವ ಪದ್ಯ ಯಾಕೆ ಬಿಟ್ಟರೆಂದು ಕೇಳಲಿ. ಎಡಿಟಿಂಗ್ ಸಾಫ್ಟ್‌ವೇರ್ ಯಾರು ಬೇಕಾದರೂ ಕಲಿಸಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕ ಕಲಿಸಲು ಅವರಿಗಿಂತ ಒಳ್ಳೆಯ ಗುರುಗಳು ನಮಗೆ ಸಿಗಲಾರರು.

ಒಟ್ಟಿನಲ್ಲಿ ನನ್ನ ತೀರ್ಪು ಅಭಿಮಾನಿಯ ಪರವಾಗಿದೆ, ಷರತ್ತಿನೊಡನೆ. ಕೃತಿಯನ್ನು ಚೆನ್ನಾಗಿ ಅರಿತು, ನಿರ್ದಿಷ್ಟ ಕೊರತೆಯೊಂದನ್ನು ನೀಗಿಸಲು, ಕೊಂಡಿ ಕಡಿಯದೆ ಮಾಡಿದ ಮರುಸಂಕಲನ ನೂರು ಪುಟದ ವಿಮರ್ಶೆಗಿಂತ ಹೆಚ್ಚು ಕಲಿಸುತ್ತದೆ. ಬೇಸರ ಕಳೆಯಲು, ನಿಮಿಷ ಉಳಿಸಲು ಮಾಡಿದ್ದು ಏನನ್ನೂ ಕಲಿಸುವುದಿಲ್ಲ. ಕತ್ತರಿ ಯಾರ ಕೈಯಲ್ಲಿತ್ತು, ಅಭಿಮಾನಿಯದೋ ನಿರ್ಮಾಪಕನದೋ ಎಂಬುದು ಆಮೇಲಿನ ಮಾತು. ಮೂಲವನ್ನು ನೋಡುವ ದಾರಿಯನ್ನು ಮುಂದಿನವರಿಗೆ ತೆರೆದಿಟ್ಟರೇ ಎಂಬುದೇ ಕೊನೆಯ ಅಳತೆಯಾಗಬೇಕು.